ಕಡಿಯದೆ ಬಿದ್ದ ವೀಳ್ಯ

ಇನ್ನು ನಾಲ್ಕು ಬೆರಳು ಮುಂದೆ ಬಾಗಿದರೆ ಅವನ ಮುಖಕ್ಕೆ ಅವಳ ಮುಖ ತಾಗುತ್ತಿತ್ತು...

ಮದುಮಗ ಕೊಟ್ರಬಸಪ್ಪ ವೀಳ್ಯದ ಸುರುಳಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತಿದ್ದ. ಹೊರಗೆ ಚಾಚಿದ್ದ ಅರ್ಧವನ್ನು ಮದುಮಗಳು ಪಂಪಾವತಿ ತನ್ನ ಹಲ್ಲಿನಿಂದಲೇ ಕಡಿದುಕೊಳ್ಳಬೇಕು. ಅದು ಶಾಸ್ತ್ರ. ಹನುಮನಹಳ್ಳಿಯ ಹೆಂಗಸರು ಸುತ್ತ ನೆರೆದು, ಹಾಡು ಹೇಳುತ್ತಾ ಕಿಸಿಕಿಸಿ ನಗುತ್ತಿದ್ದರು.

ಪಂಪಾವತಿ ಕಣ್ಣು ಮುಚ್ಚಿ ಬಾಗಿದಳು. ಎದೆ ಡವಡವ ಎನ್ನುತ್ತಿತ್ತು. ಗಂಡನನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಇದೇ ಮೊದಲು. ಆಸೆ ತಡೆಯಲಾರದೆ ಕಣ್ಣು ತೆರೆದಳು.

ತೆರೆಯಬಾರದಿತ್ತು.

ಊದಿಕೊಂಡ ಕೆಂಪು ವಸಡು... ಹಲ್ಲಿನ ಬುಡದಲ್ಲಿ ಹಳದಿ ಕೀವು... ಅದರ ಹಿಂದೆಯೇ ಬಂತು ವಾಸನೆ. ಹಳ್ಳದ ನೀರಿನಲ್ಲಿ ಕೊಳೆಹಾಕಿದ ಪುಂಡಿ ನಾರಿನ ವಾಸನೆ!

ಓದುವವರೂ ಮೂಗು ಮುಚ್ಚಿಕೊಳ್ಳಲಿ, ತಪ್ಪಿಲ್ಲ. ಪ್ರೇಮಕಥೆ ಮಲ್ಲಿಗೆಯಿಂದಲೇ ಶುರುವಾಗಬೇಕೆಂದು ಯಾರು ಹೇಳಿದರು? ಇದು ಕೀವಿನಿಂದ ಶುರುವಾಯಿತು.

ಪಂಪಾವತಿ ಸೆರಗಿನಿಂದ ಬಾಯಿ ಒತ್ತಿಕೊಂಡು, ಓಕರಿಸುತ್ತಾ ಎದ್ದೇಬಿಟ್ಟಳು. ವೀಳ್ಯ ಅವನ ಬಾಯಿಂದ ಜಾರಿ ಚಾಪೆಯ ಮೇಲೆ ಬಿತ್ತು. ಹಾಡು ನಡುವೆಯೇ ನಿಂತಿತು.

ಒಳಮನೆಯಲ್ಲಿ ತಾಯಿ ಶಂಕ್ರಮ್ಮ ಮಗಳ ಬೆನ್ನು ಸವರಿದಳು. "ಏನಾತವ್ವ ನಿನಗ?"

"ಅವ್ವಾ, ಅವರ ಬಾಯಿ ಹೆಣ ಕೊಳತಂಗ ನಾರತೈತಿ. ನಾ ಅವರ ಕೂಡ ಹ್ಯಾಂಗ ಬಾಳೇವು ಮಾಡ್ಲಿ?"

ಕೈ ತೊಳೆಯಲು ಬಂದಿದ್ದ ಕೊಟ್ರಬಸಪ್ಪ ಬಾಗಿಲಾಚೆಯೇ ನಿಂತಿದ್ದ. ಒಂದು ಮಾತೂ ತಪ್ಪದೆ ಅವನ ಕಿವಿಗೆ ಬಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ ಹಿಂದಿರುಗಿದ.

ಮದುವೆ ಮುರಿಯುವ ಕಾಲವಲ್ಲ ಅದು. ನಿಜಾಮರ ಸೀಮೆ, ದೊಡ್ಡ ಯುದ್ಧದ ವರ್ಷಗಳು. ಮಗಳು ಮೂಗು ಮುರಿದಳೆಂದು ಯಾವ ತಂದೆಯೂ ಅಳಿಯನನ್ನು ವಾಪಸು ಕಳಿಸುತ್ತಿರಲಿಲ್ಲ. ಪಂಪಾವತಿ ಅಳುತ್ತಲೇ ಗಂಡನ ಊರು ತಾವರಗೇರಾಕ್ಕೆ ಬಂದಳು.

ಅಲ್ಲಿ ಕೊಟ್ರಬಸಪ್ಪನದು ಕಿರಾಣಿ ಅಂಗಡಿ, ಹಿಂದೆಯೇ ಮನೆ. ಅವನು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದೇ ಹೆಂಡತಿಯೊಡನೆ ಮಾತಾಡುತ್ತಿದ್ದ. ಹಾಸಿಗೆಯನ್ನು ಪಡಸಾಲೆಗೆ ಒಯ್ದುಕೊಂಡ. ಆದರೂ ಅವನು ಕುಡಿದಿಟ್ಟ ತಂಬಿಗೆ, ಉಂಡೆದ್ದ ತಾಟು ಎಲ್ಲದರಲ್ಲೂ ಆ ವಾಸನೆ ಇದೆ ಎನ್ನಿಸಿ ಪಂಪಾವತಿ ಬೂದಿ ಹಾಕಿ ಉಜ್ಜಿದ್ದೇ ಉಜ್ಜಿದ್ದು.

ಅತ್ತೆ ಬಸವಣ್ಣೆಮ್ಮ ಸೊಸೆಯ ಸಂಕಟ ನೋಡಿದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಕುಟ್ಟಿದ ಮಿಸ್ರಿಯ ಡಬ್ಬಿಯನ್ನು ಅವಳ ಕೈಗಿಟ್ಟಳು.

"ನನ್ನ ಮಗನ ಬಾಯಿ ನನಗ ಗೊತ್ತಿಲ್ಲೇನು? ಇದನ್ನ ವಸಡಿಗೆ ಹಚ್ಚಿ ತಿಕ್ಕೊ. ಯಾವ ವಾಸನಿನೂ ಮೂಗಿಗೆ ಹತ್ತಂಗಿಲ್ಲ."

ಮೊದಲ ದಿನ ತಲೆ ಗಿರ್ರೆಂದಿತು. ಆಮೇಲೆ ಹಿತವೆನ್ನಿಸಿತು. ಬರಬರುತ್ತಾ ಅದಿಲ್ಲದೆ ಬೆಳಗೇ ಆಗದಂತಾಯಿತು. ತವರಿನಲ್ಲಿ ದಿನಾ ಜಗಿಯುತ್ತಿದ್ದ ಬೇವಿನ ಕಡ್ಡಿಯನ್ನು ಪಂಪಾವತಿ ಮರೆತೇಬಿಟ್ಟಳು.

ಒಂದು ದಿನ ಕೊಟ್ರಬಸಪ್ಪ ಅಂಗಡಿಗೆ ಬೀಗ ಹಾಕಿ, ಎಲ್ಲಿಗೆಂದು ಹೇಳದೆ ಹೋದ. ಬಹಳ ದಿನಗಳ ಮೇಲೆ ಬಂದವನು ತಾಯಿಯ ಮುಂದೆ ಬಾಯಿ ತೆರೆದ. ಗದಗಿನ ಹಲ್ಲಿನ ಡಾಕ್ಟರು ವಸಡು ಬಿಡಿಸಿ, ಕೀವು ತೆಗೆದು, ಬುಡದಲ್ಲಿ ಕಲ್ಲಿನಂತೆ ಕೂತಿದ್ದ ಕಿಟ್ಟವನ್ನೆಲ್ಲ ಕೆರೆದು ಕಳಿಸಿದ್ದರು.

"ಅಯ್ಯ ನನ ಶಿವನ! ಹಲ್ಲಿನ ನಡುವ ಸಂದಿ ಕಾಣಾಕ ಹತ್ಯಾವಲ್ಲೊ! ಗ್ವಾಡಿ ಕಲ್ಲಿನ ನಡುವಿನ ಮಣ್ಣು ಕೆರದು ಕಳಿಸ್ಯಾನ ಅವ. ನಾಳಿ ಎಲ್ಲಾ ಉದುರತಾವ ನೋಡು."

"ಅದು ಮಣ್ಣಲ್ಲವ್ವ, ಹೊಲಸು. ಊದಿದ ವಸಡು ಇಳದದ್ದಕ್ಕ ಸಂದಿ ಕಾಣತಾವ."

"ಹಂಗಾರ ಬ್ಯಾನಿ ಹೋತಿಲ್ಲೊ?"

"ಹೋಗೈತಿ. ಮತ್ತ ಬರಗೊಡದಂಗ ನೋಡ್ಕೊಳ್ಳೋದು ನನ್ನ ಕೈಯಾಗ ಐತಿ ಅಂದ್ರು. ಮನಿ ಒಮ್ಮೆ ಕಸ ಹೊಡದು ಬಿಟ್ಟರ ನಡೀತೈತೇನು? ಹಂಗ ಇದೂ. ಬದುಕಿರೋತನಕ ದಿನಾ ಮಾಡಬೇಕು."

ಅಂದಿನಿಂದ ಹಿತ್ತಿಲಿನಲ್ಲಿ ಅವನ ವ್ರತ ಶುರುವಾಯಿತು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿ ಒಂದೊಂದೇ ಹಲ್ಲು ತಿಕ್ಕುವುದು. ಬೆರಳಿನಿಂದ ಮೆಲ್ಲಗೆ ವಸಡು ನೀವುವುದು. ಬಿಸಿ ಉಪ್ಪುನೀರು ಮುಕ್ಕಳಿಸುವುದು. ಉಂಡ ಮೇಲೆ ಮತ್ತೆ ಅದೇ. ತಂಬಾಕು ಬಂದ್, ಎಲೆಅಡಿಕೆ ಬಂದ್. ಬೆಳೆಗೊಮ್ಮೆ ಗದಗಿಗೆ ಹೋಗಿ ತೋರಿಸಿಕೊಂಡು ಬರುವುದು.

ಪಂಪಾವತಿಗೆ ಅದೂ ಹೇಸಿಗೆಯೇ. ಅವನು ಉಗುಳಿದ ಕೆಂಪು ನೀರು, ಎಳೆ ಎಳೆಯಾದ ಲೋಳೆ ಬಚ್ಚಲ ಹರಿವಿನಲ್ಲಿ ನಿಲ್ಲುತ್ತಿತ್ತು. ತೊಳೆಯಬೇಕಾದವಳು ಅವಳೇ ತಾನೆ? ಥೂ... ವಾಸನೆ ಹೋಯಿತು ಎಂದರೆ ಇದೊಂದು ಬಂತಲ್ಲ!

"ತಿಕ್ಕಿ ತಿಕ್ಕಿ ರಕ್ತ ಬರಾಕ ಹತ್ತೈತಿ. ಬಿಡೋ ಅದನ್ನ," ಎಂದು ತಾಯಿ ಬೈದಳು.

"ಮೊದಮೊದಲ ಬರತೈತಂತ. ಹೆದರಿ ಬಿಟ್ಟರ ಮತ್ತ ಕೀವು ಕೂಡತೈತಿ."

ಅವನು ಬಿಡಲಿಲ್ಲ. ಯಾರಿಗಾಗಿ ಈ ಹಟ ಎಂದು ಅವನು ಹೇಳಲೂ ಇಲ್ಲ.

ದಿನ ಹೋದಂತೆ ಕೆಂಪು ನೀರು ತಿಳಿಯಾಯಿತು. ಒಂದು ಬೆಳಗ್ಗೆ ಹರಿವಿನಲ್ಲಿ ಬರೀ ನೀರು. ಪಂಪಾವತಿ ಬಾಗಿ ಬಾಗಿ ನೋಡಿದಳು. ಕೆಂಪಿನ ಸುಳಿವಿಲ್ಲ. ತನಗೇಕೆ ಇಷ್ಟು ಸಂತೋಷವಾಯಿತೆಂದು ಅವಳಿಗೇ ತಿಳಿಯಲಿಲ್ಲ.

ಅಂದೇ ಮಧ್ಯಾಹ್ನ ನೆಲುವಿನ ಮೇಲಿನ ಬೆಲ್ಲದ ಗಡಿಗೆ ಇಳಿಸುವಾಗ ಅವಳ ಕೈ ಜಾರಿತು. ಕೊಟ್ರಬಸಪ್ಪ ಓಡಿ ಬಂದು ಹಿಡಿದ. ಬಾಯಿಗೆ ವಲ್ಲಿ ಅಡ್ಡ ಹಿಡಿಯುವುದನ್ನು ಮರೆತಿದ್ದ.

"ಬೆಲ್ಲ ಉಳೀತು ಬಿಡು. ನಿನಗೇನೂ ಪೆಟ್ಟಾಗಿಲ್ಲಲ್ಲ?" ಎಂದು ನಕ್ಕ.

ಅವನಿಗೆ ಇಂಥ ನಗು ಇತ್ತೇ? ಅವನ ಉಸಿರು ಅವಳ ಕೆನ್ನೆಗೆ ತಾಗಿತು. ಬೇವಿನ ಘಮ, ಅಷ್ಟೇ. ಪಂಪಾವತಿಯ ಎದೆ ಮತ್ತೆ ಡವಡವ ಎಂದಿತು. ಇವತ್ತು ಅವನು ವೀಳ್ಯ ಕಚ್ಚಿ ಕೂತರೆ ತಾನು ಕಣ್ಣು ಬಿಟ್ಟುಕೊಂಡೇ ಕಡಿಯುತ್ತಿದ್ದೆ ಎನ್ನಿಸಿ, ನಾಚಿ ಒಳಗೆ ಓಡಿದಳು.

ಮರುದಿನ ಹಿತ್ತಿಲಿನಲ್ಲಿ ಮಿಸ್ರಿ ತಿಕ್ಕುತ್ತಿದ್ದಾಗ ಬೆರಳಿಗೆ ಏನೋ ಜಿಗುಟು ಹತ್ತಿತು. ಹೊರಗೆ ತೆಗೆದು ನೋಡಿದಳು. ಕಪ್ಪು ಪುಡಿಯ ನಡುವೆ ರಕ್ತ... ರಕ್ತದ ನಡುವೆ ಹಳದಿ ಕೀವು.

ಅವಳು ಬೆರಳನ್ನು ಮೂಗಿನ ಹತ್ತಿರ ತಂದಳು.

ಕೊಳೆತ ಪುಂಡಿ ನಾರು.

ಪಂಪಾವತಿ ಅಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದಳು, ಮತ್ತೆ ಮೂಸಿದಳು, ಮತ್ತೆ ತೊಳೆದಳು. ಹೋಗಲಿಲ್ಲ. ಎಷ್ಟು ದಿನದಿಂದ ತನ್ನ ಬಾಯಿ ಹೀಗಿದೆ? ಮಿಸ್ರಿಯ ಘಾಟು ಅವನ ವಾಸನೆಯನ್ನಷ್ಟೇ ಅಲ್ಲ, ತನ್ನದನ್ನೂ ಮುಚ್ಚಿಟ್ಟಿತ್ತಲ್ಲ! ತಾನು ಹೆಣ ಎಂದದ್ದು ಅವನನ್ನು. ಈಗ ಹೆಣ ಇರುವುದು ತನ್ನ ಬಾಯಲ್ಲಿ...

ಹೇಳಿಕೊಳ್ಳಲು ಮುಖವಿರಲಿಲ್ಲ. ಡಬ್ಬಿಯನ್ನು ಉರಿಯುವ ಒಲೆಗೆ ಸುರಿದಳು. ಸೆರಗನ್ನು ಬಾಯಿಗೆ ಅಡ್ಡ ಎಳೆದುಕೊಂಡಳು. ಅವನು ಎದುರು ಬಂದರೆ ಗೋಡೆಯ ಕಡೆ ತಿರುಗತೊಡಗಿದಳು.

ಪಾಪ, ಅವನಿಗೆ ಏನು ಗೊತ್ತು? ಬೆಲ್ಲದ ಗಡಿಗೆ ಹಿಡಿದ ದಿನದಿಂದ ಅವನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಒಂದು ಸಂಜೆ ಗಂಗಾವತಿಯಿಂದ ತಂದ ಬಳೆ ಹಿಡಿದುಕೊಂಡು ಅಡುಗೆ ಮನೆಯ ಬಾಗಿಲಿಗೆ ಬಂದ.

"ಪಂಪಾ, ಇಲ್ಲಿ ನೋಡು."

ಅವಳು ಮುಖ ತಿರುಗಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯ ದಿನ ಒತ್ತಿಕೊಂಡಂತೆಯೇ.

ಕೊಟ್ರಬಸಪ್ಪನ ಕೈ ಇಳಿಯಿತು. "ಇನ್ನೂ ವಾಸನಿ ಬರತೈತೇನು?"

ಇಲ್ರಿ ಎನ್ನಬೇಕು. ಅಂದರೆ, ಮತ್ತೆ ಯಾಕೆ ಮುಖ ತಿರುಗಿಸುತ್ತೀ ಎಂದು ಕೇಳುತ್ತಾನೆ. ಆಗ ಬಾಯಿ ತೋರಿಸಬೇಕು... ಪಂಪಾವತಿ ಒಲೆಯತ್ತ ಬಾಗಿ ಕಟ್ಟಿಗೆ ಮುಂದೂಡಿದಳು. ಅವನು ಬಳೆಗಳನ್ನು ಹೊಸ್ತಿಲ ಮೇಲಿಟ್ಟು ಹೋದ.

ಮರುದಿನದಿಂದ ಹರಳುಪ್ಪು ಹಾಕಿ ಗರಗರ ತಿಕ್ಕತೊಡಗಿದ. ತಿಳಿಯಾಗಿದ್ದ ನೀರು ಮತ್ತೆ ಕೆಂಪಾಯಿತು. ಆ ಕೆಂಪು ತನ್ನಿಂದಲೇ ಎಂದು ಪಂಪಾವತಿಗೆ ಗೊತ್ತಿತ್ತು. ಹರಿವು ತೊಳೆಯುತ್ತಾ ಅತ್ತಳು. ಆದರೂ ಬಾಯಿ ಬಿಡಲಿಲ್ಲ. ಕೀವಿನ ಮೇಲೆ ಹುಟ್ಟಿದ ಹೇಸಿಗೆ ಈಗ ಅವಳಿಗೆ ತನ್ನ ಮೌನದ ಮೇಲೂ ಹುಟ್ಟಿತು.

ಕೊನೆಗೆ ಒಂದು ಬೆಳಗ್ಗೆ ಅವನು ಚೀಲ ಹೆಗಲಿಗೇರಿಸಿದ.

"ಯವ್ವಾ, ಗದಗಿಗೆ ಹೊಂಟೀನಿ. ಹಲ್ಲು ಎಲ್ಲಾ ತಗಸಿಬಿಡ್ತೀನಿ."

"ಎಲ್ಲಾ ಅಂದ್ರ?"

"ಎಲ್ಲಾನೂ. ಹಲ್ಲೇ ಇರದಿದ್ದರ ವಾಸನಿ ಎಲ್ಲಿಂದ ಬರತೈತಿ?"

"ಹುಚ್ಚ ಹಿಡದೈತೇನೊ? ಈ ವಯಸ್ಸಿನ್ಯಾಗ ಬೊಚ್ಚಬಾಯಿ ಮಾಡ್ಕೊಂಡು ರೊಟ್ಟಿ ಹ್ಯಾಂಗ ತಿಂತಿ?"

"ನೆನಿಸಿಕೊಂಡು ತಿಂತೀನಿ," ಎಂದ. ಪಂಪಾವತಿಯ ಕಡೆ ನೋಡದೆ ನಡೆದ.

ಅವಳ ಕೈಯಲ್ಲಿದ್ದ ಹಿಟ್ಟು ಪರಾತಕ್ಕೆ ಬಿತ್ತು. ಒಂದೂ ಅಲ್ಲಾಡದ, ಬೆಳ್ಳಗೆ ತಿಕ್ಕಿದ ಹಲ್ಲುಗಳು... ಅವನು ಅವುಗಳನ್ನು ಉಳಿಸಿಕೊಂಡದ್ದೂ ತನಗಾಗಿ, ಈಗ ಕೀಳಿಸಿಕೊಳ್ಳುವುದೂ ತನಗಾಗಿ. ತನ್ನ ನಾಚಿಕೆ ಉಳಿಯಬೇಕೋ, ಅವನ ಹಲ್ಲೋ?

ಹಿಟ್ಟಿನ ಕೈಯಲ್ಲೇ ಪಂಪಾವತಿ ಓಡಿದಳು.

ಊರ ಮುಂದೆ ಕೊಪ್ಪಳ ಸ್ಟೇಷನ್ನಿಗೆ ಹೋಗುವ ಇದ್ದಲಿನ ಮೋಟಾರು ನಿಂತಿತ್ತು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ, ಹಿಂದಿನ ಪೀಪಾಯಿಯಲ್ಲಿ ಇದ್ದಲು ಉರಿಸಿ ಓಡಿಸುತ್ತಿದ್ದ ಮೋಟಾರು. ಡ್ರೈವರ್ ಮಕ್ಬುಲಸಾಬ ಬೆವರು ಸುರಿಸುತ್ತಾ ಹಿಡಿ ತಿರುಗಿಸಿ ಬೆಂಕಿ ಎಬ್ಬಿಸುತ್ತಿದ್ದ. ಬೆಂಕಿ ಏಳದಿದ್ದದ್ದು ಪಂಪಾವತಿಯ ಪುಣ್ಯ.

"ಅಣ್ಣಾರ, ಸ್ವಲ್ಪ ತಡೀರಿ. ಅವರನ್ನ ಇಳಸ್ರಿ."

"ಇದು ಹೊಂಡೋದ ಇನ್ನೂ ತಡ ಐತಿ ತಂಗಿ. ಸಾವ್ಕಾರ್ರ, ಇಳೀರಿ, ಮನ್ಯಾಗಿನವರು ಬಂದಾರ."

ಕೊಟ್ರಬಸಪ್ಪ ಇಳಿದ. ಅಭ್ಯಾಸಬಲದಿಂದ ವಲ್ಲಿಯನ್ನು ಬಾಯಿಗೆ ಅಡ್ಡ ತಂದ. ಪಂಪಾವತಿ ಅವನನ್ನು ಮೋಟಾರಿನ ಮರೆಗೆ ಕರೆದೊಯ್ದು, ಆ ವಲ್ಲಿಯನ್ನು ಎಳೆದು ಕೆಳಗಿಳಿಸಿದಳು.

"ನಿಮ್ಮ ಬಾಯಾಗ ವಾಸನಿ ಇಲ್ರಿ. ಭಾಳ ದಿನ ಆತು ಹೋಗಿ."

"ಹಲ್ಲು ಹೋಗತಾವಂತ ಕನಿಕರಕ್ಕ ಹೇಳಬ್ಯಾಡ."

"ಕನಿಕರ ಅಲ್ರಿ. ವಾಸನಿ ಇರೋದು... ನನ್ನ ಬಾಯಾಗ ಐತಿ."

ಅವನು ನಂಬಲಿಲ್ಲ. ತಲೆ ಅಲ್ಲಾಡಿಸಿ ಮೋಟಾರಿನ ಕಡೆ ತಿರುಗಿದ. ಪಂಪಾವತಿ ಅವನ ತೋಳು ಹಿಡಿದು ನಿಲ್ಲಿಸಿದಳು. ಸೆರಗು ಸರಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಅವನ ಮುಖದ ಮುಂದೆ ಬಾಯಿ ಅಗಲಿಸಿದಳು.

"ಮೂಸಿ ನೋಡ್ರಿ."

ಅವನ ಮುಖ ತಾನಾಗಿಯೇ ಹಿಂದಕ್ಕೆ ಸರಿಯಿತು. ಮೂಗು ಸುಕ್ಕಾಯಿತು. ಬೇಕೆಂದು ಮಾಡಿದ್ದಲ್ಲ. ಆದರೂ ಪಂಪಾವತಿ ಕಣ್ಣು ತೆರೆದಾಗ ಕಂಡದ್ದು ಅದೇ. ಮದುವೆಯ ದಿನ ಅವನಿಗೆ ಹೇಗಾಗಿರಬಹುದೆಂದು ಅವಳಿಗೆ ಆಗ ಗೊತ್ತಾಯಿತು. ನೆಲಕ್ಕೆ ಇಳಿದು ಹೋಗುವಂತಾಯಿತು.

"ಖರೇನ ಐತಲ್ಲ," ಎಂದ ಅವನು ಮೆಲ್ಲಗೆ. "ಭಾಳ ಹೊಲಸು ಐತಿ."

"ಹೌದ್ರಿ." ಅವಳು ಹಿಟ್ಟಿನ ಕೈಯಿಂದಲೇ ಕಣ್ಣೀರು ಒರೆಸಿಕೊಂಡಳು. "ಮಿಸ್ರಿ ತಿಕ್ಕಿ ತಿಕ್ಕಿ ಹಿಂಗಾತು. ನಾಚಿಕಿಗೆ ಹೇಳಲಿಲ್ಲ. ಮದುವಿ ದಿನ ನಮ್ಮವ್ವನ ಮುಂದ ನಿಮಗ ಹೆಣ ಅಂದಿದ್ದೆ ನಾ... ಯಾವ ಬಾಯಿಲೆ ಹೇಳ್ಲಿ?"

"ಅಂದ್ರ, ನೀ ಮುಖ ತಿರುವಿದ್ದು ನನ್ನ ಕಂಡು ಅಲ್ಲ?"

"ನಿಮ್ಮ ಹತ್ರ ಬರಬೇಕಂತ ಜೀವ ಬಡಕೋತಿತ್ರಿ. ನನ್ನ ವಾಸನಿ ನಿಮಗ ಹತ್ತಬಾರದಂತ ತಿರುಗತಿದ್ದೆ."

ಕೊಟ್ರಬಸಪ್ಪ ನಕ್ಕ. ಎಲ್ಲ ಹಲ್ಲೂ ಕಾಣುವಂತೆ, ಸಂದಿಗಳೂ ಕಾಣುವಂತೆ ನಕ್ಕ. ಆಮೇಲೆ ಮತ್ತೆ ಹತ್ತಿರ ಬಂದ. ಈ ಸಲ ಅವನ ಮುಖ ಹಿಂದೆ ಸರಿಯಲಿಲ್ಲ.

"ಮಕ್ಬುಲಣ್ಣ, ಇನ್ನೊಬ್ಬರಿಗೆ ಜಾಗ ಮಾಡು. ಹಲ್ಲು ತೋರಿಸೋರು ಬ್ಯಾರೆ ಅದಾರ."

ಗದಗಿನ ಡಾಕ್ಟರ ಕುರ್ಚಿಯಲ್ಲಿ ಪಂಪಾವತಿ ಗಂಡನ ಕೈ ಹಿಡಿದು ಕೂತಳು. ತನ್ನ ವಸಡಿನಿಂದ ಕೆರೆದ ಕಿಟ್ಟವನ್ನು ತಟ್ಟೆಯಲ್ಲಿ ನೋಡಿ ಅವಳಿಗೆ ಮತ್ತೆ ಓಕರಿಕೆ ಬಂತು. ಕೊಟ್ರಬಸಪ್ಪ ಮುಖ ತಿರುಗಿಸದೆ ಅವಳ ಬಾಯಿ ಒರೆಸಿದ. ಹೊರಡುವಾಗ ಡಾಕ್ಟರು ಅವಳಿಗೂ ಅದೇ ಮಾತು ಹೇಳಿದರು. ಹೋದ ಬೇನೆ ಮತ್ತೆ ಬಾರದಂತೆ ದಿನಾ ನೋಡಿಕೊಳ್ಳಬೇಕು.

ತಾವರಗೇರಾಕ್ಕೆ ಮರಳಿದ ಮರುದಿನ ಬೆಳಗ್ಗೆ ಪಂಪಾವತಿ ಹಿತ್ತಿಲಿಗೆ ಬಂದಾಗ ಅವನು ಆಗಲೇ ಬೇವಿನ ಮರದ ಕೆಳಗಿದ್ದ.

"ನನಗೊಂದು ಕಡ್ಡಿ ಕೊಡ್ರಿ."

ಅವನು ಕೊಡಲಿಲ್ಲ. ಉದ್ದನೆಯ ಎಳೆ ಕಡ್ಡಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅರ್ಧವನ್ನು ಹೊರಗೆ ಚಾಚಿ, ಅವಳೆದುರು ಕುಕ್ಕರಗಾಲಿನಲ್ಲಿ ಕೂತ.

ಪಂಪಾವತಿಗೆ ತಿಳಿಯಿತು. ಮುಖ ಕೆಂಪಾಯಿತು.

"ಅತ್ತಿ ನೋಡ್ತಾರ್ರಿ."

"ನಾ ಏನೂ ನೋಡಾಕತ್ತಿಲ್ಲ," ಎಂದಳು ಬಸವಣ್ಣೆಮ್ಮ, ಬಾಗಿಲಲ್ಲಿ ನಿಂತು ನೋಡುತ್ತಲೇ.

ಪಂಪಾವತಿ ಬಾಗಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಡಾಕ್ಟರು ಕೆರೆದ ವಸಡು ಇನ್ನೂ ನೋಯುತ್ತಿತ್ತು. ಎರಡು ಮೂಗು ತಾಗಿದವು. ಕಟಕ್ಕೆಂದು ಕಡ್ಡಿ ಮುರಿಯಿತು.

ಇಬ್ಬರೂ ಜಗಿಯುತ್ತಾ ಕೂತರು.

"ಕಹಿ ಐತೇನು?" ಎಂದ ಅವನು.

"ಭಾಳ ಕಹಿ ಐತ್ರಿ."

"ನಾಳಿನೂ ಇದ ಐತಿ. ನಾಡದಿನೂ ಇದ. ಬದುಕಿರೋತನಕ ಬಿಡಂಗಿಲ್ಲ ಅಂದಾರ ಡಾಕ್ಟರು."

ಪಂಪಾವತಿ ಉಗುಳಿದಳು. ನೀರು ಕೆಂಪಾಗಿತ್ತು. ಅವನು ಚೊಂಬು ತೆಗೆದುಕೊಂಡು ಹರಿವಿಗೆ ನೀರು ಸುರಿದು ತಾನೇ ತೊಳೆದ.

"ಹಂಗಾರ ದಿನಾ ನೀವ ಹಿಂಗ ಹಿಡೀರಿ," ಎಂದಳು ಅವಳು. "ನಾ ಕಡಕೋತೀನಿ."