ನೀಲಿ ಹಾಳೆಯಲ್ಲಿ ಇಲ್ಲದ ಮಾತು

ವರ್ನಾ ಮಗಳ ಎರಡನೆಯ ಜಡೆ ಹೆಣೆಯುತ್ತಿದ್ದಾಗ ಬಾಗಿಲಲ್ಲಿ ಸ್ಟುಡಿಯೋ ಕಾರಿನ ಹಾರ್ನ್ ಕೇಳಿಸಿತು. ಜಡೆ ಅರ್ಧಕ್ಕೇ ನಿಂತಿತು.

"ನೀಲಿ ಹಾಳೆ ಮೇಡಂ," ಡ್ರೈವರ್ ಗಸ್ ಲಕೋಟೆ ಚಾಚಿದ. "ಕೊನೇ ದೃಶ್ಯ ಬದಲಾಯ್ತು. ಹತ್ತಕ್ಕೆ ಮೇಕಪ್ಪು. ಕಾರಲ್ಲೇ ಕಾಯ್ತೀನಿ."

ಚಿತ್ರಕಥೆಯಲ್ಲಿ ಮೊದಲು ಬರೆದದ್ದು ಬಿಳಿ ಹಾಳೆ, ತಿದ್ದಿದ್ದು ನೀಲಿ. ‘ಎರಡನೆಯ ಬಾಗಿಲು’ ಚಿತ್ರದಲ್ಲಿ ವರ್ನಾ ನಟಿಸಿದ್ದ ಹೆಂಡತಿ ಹೆಲೆನ್, ಹೊರಟ ಗಂಡನನ್ನು ತಡೆಯದೆ ಸುಮ್ಮನೆ ನಿಲ್ಲುತ್ತಿದ್ದಳು. ಪಸಡೀನಾ ಊರಿನಲ್ಲಿ, ಬಿಡುಗಡೆಗೆ ಮುಂಚಿನ ಪ್ರದರ್ಶನ ನೋಡಿದ ಜನ ಚೀಟಿಯಲ್ಲಿ ಬರೆದು ಕಳಿಸಿದ್ದರು: ‘ಇವಳೇನು ಕಲ್ಲೇ? ಬಾಯಿಲ್ಲವೇ?’

ವರ್ನಾಳ ಕಣ್ಣು ಬಾಗಿಲ ಪಕ್ಕದ ಸೂಟ್‌ಕೇಸಿನ ಮೇಲೆ ಹೋಯಿತು. ಮಾತಿನ ಚಿತ್ರಗಳು ಬಂದ ಮೇಲೆ ಅವಳ ಗಂಡ, ನಟ ರಸ್‌ನ ದನಿ ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನ್ಯೂಯಾರ್ಕಿನ ನಾಟಕದವರು ಕರೆದಿದ್ದಾರೆ ಎಂದು ಅವನು ಹೇಳಿದಾಗ ಅವಳು "ಆಗಲಿ" ಎಂದಿದ್ದಳು. ಅದಾಗಿ ಎಂಟು ದಿನ. ಇವತ್ತು ಹನ್ನೊಂದಕ್ಕೆ ಅವನ ರೈಲು.

ಆ ಮನೆಯಲ್ಲೊಂದು ನಿಯಮವಿತ್ತು. ಅಪ್ಪ ಅಮ್ಮ ಜಗಳವಾಡುವಾಗ ಮೇಜಿನ ಮೇಲೆ ಹಾಳೆಗಳಿದ್ದರೆ ಅದು ಬರೀ ಪಾತ್ರದ ಅಭ್ಯಾಸ, ಮಗಳು ಡೆಲ್ಲಾ ಹೆದರಬಾರದು. ಏಳು ವರ್ಷದ ಡೆಲ್ಲಾ ಎಂಟು ದಿನದಿಂದ ಸೂಟ್‌ಕೇಸು ನೋಡುತ್ತಿದ್ದಳು, ಖಾಲಿ ಮೇಜು ನೋಡುತ್ತಿದ್ದಳು, ಏನೋ ಕೇಳಲು ಬಾಯಿ ತೆರೆದು ಮುಚ್ಚುತ್ತಿದ್ದಳು.

"ಗಂಡನ ಮಾತು ಓದ್ತೀಯಾ? ಒಂದೇ ಸಲ," ವರ್ನಾ ನೀಲಿ ಹಾಳೆ ಬಿಚ್ಚಿ ರಸ್‌ನನ್ನು ಕೇಳಿದಳು.

"ಹೊರಡೋ ಗಂಡನ ಪಾತ್ರ ತಾನೇ? ನಂಗೆ ಬಾಯಿಪಾಠ," ರಸ್ ಟೈ ಬಿಗಿಯುತ್ತ ನಕ್ಕ. ಆ ನಗು ಕಣ್ಣಿನವರೆಗೂ ಏರಲಿಲ್ಲ. "ಹ್ಞೂಂ. ‘ನನ್ನ ಟೋಪಿ ಎಲ್ಲಿ, ಹೆಲೆನ್?’"

"‘ಹೋಗಬೇಡ, ನನ್ನ ಪ್ರಿಯ. ನೀನಿಲ್ಲದ ಈ ಮನೆ ನಕ್ಷತ್ರವಿಲ್ಲದ ಆಕಾಶ,’" ವರ್ನಾ ಓದಿದಳು.

"ಭೇಷ್! ಪಸಡೀನಾ ಪೂರ್ತಿ ಅಳುತ್ತೆ." ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. "ಯಾರಾದ್ರೂ ಬರ್ದುಕೊಟ್ರೇನೇ ನಿನ್ನ ಬಾಯಲ್ಲಿ ಇದು ಬರೋದು, ಅಲ್ವಾ?"

ವರ್ನಾ ಹಾಳೆಯನ್ನು ಮಗಳ ಕೈಗಿಟ್ಟಳು. ಗೂಟದಿಂದ ಅವನ ನಿಜವಾದ ಟೋಪಿ ತೆಗೆದಳು. ಕೊಡಲಿಲ್ಲ.

"ಇವತ್ತು ಬ್ರೆಡ್ಡು ಸೀದಿತ್ತು."

"ಎಂಟು ದಿನದಿಂದಲೂ ಸೀದೇ ಇರುತ್ತೆ ಮಾರಾಯ್ತಿ."

"ಬೇಕಂತಲೇ ಸೀಯಿಸ್ತಿದ್ದೆ. ನೀನು ಬೈತೀಯ, ಹೇಗಾದ್ರೂ ಮಾತು ಶುರುವಾಗುತ್ತೆ ಅಂತ. ನೀನು ನೋಡಿದ್ರೆ ಕರಕಲಾಗಿದ್ದನ್ನೇ ಸುಮ್ನೆ ತಿಂದುಬಿಟ್ಟೆ."

"ನೀನು ಮಾಡಿಕೊಡೋದು ಇನ್ನೆಷ್ಟು ದಿನ ಅಂತ ತಿಂದೆ ಕಣೇ," ರಸ್ ಮೆಲ್ಲಗೆ ಅಂದ.

ಟೋಪಿಯ ಅಂಚು ಅವಳ ಬೆರಳಲ್ಲಿ ನಲುಗಿತು. "ಆಗಲಿ ಅಂದೆನಲ್ಲ, ಅದು ಸುಳ್ಳು. ಹೋಗ್ಬೇಡ ರಸ್." ದನಿ ನಡುವೆಯೇ ಒಡೆಯಿತು. ಸೆಟ್ಟಿನಲ್ಲಾಗಿದ್ದರೆ ಇನ್ನೊಮ್ಮೆ ಹೇಳಿಸುತ್ತಿದ್ದರು.

ರಸ್ ಟೋಪಿಗೆ ಕೈಚಾಚಿದ. ಆದರೆ ಹಿಡಿದದ್ದು ಅವಳ ಬೆರಳುಗಳನ್ನು. ಹೊರಗೆ ಗಸ್ ಮತ್ತೆ ಹಾರ್ನ್ ಹಾಕಿದ. ಇಬ್ಬರೂ ಅಲುಗಲಿಲ್ಲ.

ಡೆಲ್ಲಾ ನೀಲಿ ಹಾಳೆಯ ಮೇಲೆ ಸಾಲು ಸಾಲಾಗಿ ಬೆರಳಾಡಿಸಿದಳು. ತಿರುವಿ ಹಿಂದೆಯೂ ನೋಡಿದಳು. ಅರ್ಧ ಹೆಣೆದ ಜಡೆ ಪೂರ್ತಿ ಬಿಚ್ಚಿಹೋಗಿತ್ತು.

"ಅಮ್ಮಾ, ಈ ಮಾತು ಇದರಲ್ಲಿ ಇಲ್ಲ," ಎಂದಳು. ಆಮೇಲೆ ಸೂಟ್‌ಕೇಸಿನತ್ತ ನೋಡಿ, ಎಂಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು:

"ಹಾಗಾದ್ರೆ, ಅಪ್ಪಾ, ನೀನು ನಿಜವಾಗ್ಲೂ ಹೋಗ್ತೀಯಾ?"