ಪಾಳಿ ಬದಲಿ

ವೃಷಭನೊಡನೆ ಮದುವೆಗೆ ಶುಭಾಂಗಿ ಒಲ್ಲೆ ಅಂದಳೆಂಬ ಸುದ್ದಿಯನ್ನು ಅವನ ಪಾರ್ಶ್ವನಾಥ ಕಾಕಾ ಭಾನುವಾರ ಅವಳ ಊರು ಹುಕ್ಕೇರಿಯಿಂದ ತಂದಿದ್ದರು. ಮರುದಿನ ವೃಷಭ ಗೋಕಾಕದ ಆಫೀಸಿಗೆ ಬಂದಾಗ ಅವಳು ಎದುರಿನ ಕಂಪ್ಯೂಟರಿನಲ್ಲಿ ಮುಳುಗಿದ್ದಳು. ತಲೆ ಎತ್ತಲಿಲ್ಲ.

ಅದು 2008ರ ಕಬ್ಬಿನ ಹಂಗಾಮು. ಯಾವ ರೈತನ ಕಬ್ಬು ಯಾವತ್ತು ಕಡಿಯಬೇಕು ಎಂಬ ಪಾಳಿಯ ಪಟ್ಟಿ ಆ ಸಣ್ಣ ಆಫೀಸಿನ ವೆಬ್ ಸರ್ವಿಸಿನಲ್ಲಿತ್ತು. ಸರ್ವರಿನ ಕೆಲಸ ಅವಳದು. ಹಳ್ಳಿಗಳಲ್ಲಿ ಓಡುವ ಕ್ಲೈಂಟ್ ಪ್ರೋಗ್ರಾಮು ಅವನದು.

"ತುಕ್ಕಾನಟ್ಟಿ ಉದ್ದಪ್ಪಾರ ಫೋನ್ ಬಂದಿತ್ತು," ಅವಳು ಪರದೆಗೇ ಹೇಳುವಂತೆ ಹೇಳಿದಳು. "ಹೆಂಡ್ತಿ ದವಾಖಾನ್ಯಾಗ ಅದಾಳ. ಅದಕ್ಕ ಕಲ್ಲೋಳಿ ನಿಜಾಮಸಾಬರ ಜೋಡಿ ಪಾಳಿ ಅದಲಿಬದಲಿ ಕೇಳಿದ್ರು. ಈಗ ಇಬ್ಬರೂ ಪಟ್ಟಿ ಕೊನಿಗೆ ಹೋಗ್ಯಾರ. ಏನ ಮಾಡಿದ್ರಿ?"

"ಇಬ್ಬರ್ದೂ ಅಳಿಸಿ ಹೊಸದಾಗಿ ಸೇರಿಸಿದೆ."

"ಅದಲಿಬದಲಿಗಂತ ಸರ್ವರಿನ್ಯಾಗ ಬ್ಯಾರೆ ಮೆಥಡ್ ಬರದಿಟ್ಟೇನಲ್ರಿ."

"ನಾ ಬಳಸೂ ತಯಾರ ಕೋಡ್ ಲೈಬ್ರರ್ಯಾಗ ಅದಿಲ್ಲ. ತರೂದು, ಸೇರಸೂದು, ತಿದ್ದೂದು, ಅಳಸೂದು, ಇಷ್ಟ."

"ತಯಾರ ಇದ್ದದ್ರಾಗ ಇಲ್ಲಂದ್ರ ಎಲ್ಲೂ ಇಲ್ಲೇನು?" ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದಳು. "ಅದರಾಗ ಸರ್ವರಿಗೆ ಏನ ಬೇಕಾದ್ರೂ ಕೇಳೂ ಒಂದು ಸಾದಾ ಕಾಲ್ ಐತಿ. ವಿಳಾಸದ ಕೊನಿಗೆ ನನ್ನ ಮೆಥಡ್ ಹೆಸರು ಹಾಕ್ರಿ. ಕಳಸೂ ರೀತಿ 'ಪೋಸ್ಟ್' ಅನ್ರಿ. ಇಬ್ಬರ ನಂಬರ್ ಕಳಸ್ರಿ. ಹಳೇ ಪಾಳಿ ಬ್ಯಾಕಪ್ಪಿನಿಂದ ನಾ ಹಾಕೇನಿ."

ವೃಷಭ ಬರೆದ, ಓಡಿಸಿದ. ಪರದೆಯ ಮೇಲೆ ಉದ್ದಪ್ಪ, ನಿಜಾಮಸಾಬರ ಜಾಗಗಳು ಸದ್ದಿಲ್ಲದೆ ಅದಲುಬದಲಾದವು. ಅವಳ ಕೂದಲೆಳೆ ಫ್ಯಾನಿನ ಗಾಳಿಗೆ ಅವನ ಭುಜದವರೆಗೂ ಬಂದು ಹೋಯಿತು.

"ಕಾಕಾಗ ಯಾಕ ಒಲ್ಲೆ ಅಂದ್ರಿ?"

"ಕಾಕಾರು ಎತ್ತರ ಕೇಳಿದ್ರು, ಅಡಗಿ ಕೇಳಿದ್ರು. ನೀವು ದಿನಾ ಎದುರಿಗೇ ಕೂಡ್ತೀರಿ. ನೀವೇನ ಕೇಳಿದ್ರಿ?"

"ಹಿರ್ಯಾರು ಕೇಳೂದು ರೂಢಿ ಅಂತ…"

ಅವಳ ದನಿ ತಗ್ಗಿತು. "ಅಕ್ಕ ತೀರಿದ ಮ್ಯಾಲ ಅಕಿ ಮಗಳು ರೂಪಾಲಿನ್ನ ನಾನ ಸಾಕೇನಿ. ನಾ ಹೋದಲ್ಲಿ ಅಕಿನೂ ಬರ್ತಾಳ. ಗಂಡಿನ ಕಡ್ಯಾವರ ಮುಂದ ಇದನ್ನ ಆಡಬ್ಯಾಡ ಅಂದ್ರು ಮನ್ಯಾಗ. ಮುಚ್ಚಿಟ್ಟು ಬರೂದಕಿಂತ ಒಲ್ಲೆ ಅನ್ನೂದ ಚಲೋ ಅನಿಸ್ತು."

ವೃಷಭನಿಗೆ ಕಾಕಾನ ಮುಖ ನೆನಪಾಯಿತು, ಅವ್ವನ ಮುಖ ನೆನಪಾಯಿತು. ಅವಳು ಕಣ್ಣು ಕೆಳಗಿಳಿಸಿದಳು. ಎದ್ದು ಹೋಗಲು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಕೂಡ್ರಿ," ಎಂದ. "ಸಾಲಿಗೆ ಹಾಕೀರೇನ ಅಕಿನ್ನ?"

"ಈ ವರ್ಷ ಒಂದನೇ ಕ್ಲಾಸಿಗೆ ಹಾಕಬೇಕು."

"ನಮ್ಮ ಮನಿ ಬಾಜೂಕ ಸಾಲಿ ಐತಿ. ಮನ್ಯಾಗ ನಾ ಮಾತಾಡ್ತೇನಿ, ಜಗಳಾದ್ರ ಆಗಲಿ. ಈಗ ನಾನ ಕೇಳಾಕತ್ತೇನಿ. ನನ್ನ ಮದಿವಿ ಆಗ್ತೀರೇನ್ರಿ? ಇಬ್ಬರೂ ಬರ್ರಿ."

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಅಳು ಎಲ್ಲಿ ಮುಗಿಯಿತು, ನಗು ಎಲ್ಲಿ ಶುರುವಾಯಿತು ಅವನಿಗೆ ತಿಳಿಯಲಿಲ್ಲ.

"ನಂದು ಹೂಂ. ಆದ್ರ ರೂಪಾಲಿನ್ನೂ ಕೇಳಬೇಕು. ಅಕಿ ಭಾಳ ಖಡಕ್ ಅದಾಳ."

ಸಂಜೆ ರೂಪಾಲಿಯನ್ನು ಕೇಳಲು ಹೊರಟು ಹುಕ್ಕೇರಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಘೋಡಗೇರಿ ದಾಟಿದರೂ ಆ ಪುಟ್ಟ ಹುಡುಗಿಯೊಡನೆ ಮಾತು ಹೇಗೆ ಶುರುಮಾಡಬೇಕೆಂದು ವೃಷಭನಿಗೆ ಹೊಳೆಯಲಿಲ್ಲ.

"ಹೆದರಿಕಿ ಬಂತೇನ್ರಿ?"

"ಬಂತು."

"ನನಗೂ," ಎಂದಳು. ಬ್ಯಾಗಿನ ಮರೆಯಲ್ಲಿ ಅವನ ಕೈ ಹಿಡಿದು, ಕಿಟಕಿಯಾಚೆ ನೋಡುತ್ತ ಕುಳಿತಳು.