ಒಬ್ಬರ ಕಾಲಿನ ಮರಳು

ಒಂಬತ್ತನೇ ತಾರೀಕು, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಕಡಲ ದಂಡೆಯ ಪೊಲೀಸ್ ಠಾಣೆಗೆ ಅಕ್ಕತಂಗಿಯರಿಬ್ಬರು ಬಂದರು. ಹತ್ತು ದಿನದ ರಜೆ ಕಳೆಯಲು ಬೇರೆ ಬೇರೆ ದೇಶಗಳಿಂದ ಈ ಊರಿಗೆ ಬಂದವರು. ತಂಗಿಗೆ ಐವತ್ಮೂರು ವರ್ಷ, ಅಕ್ಕನಿಗೆ ಅರವತ್ತೊಂದು. ಅಕ್ಕ ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಯಾರೂ ಹೇಳದಿದ್ದರೂ ಸರದಿಯ ಕೊನೆಯಲ್ಲಿ ನಿಂತಳು. ತಂಗಿ ಸರದಿಯ ಕಡೆ ಕಣ್ಣೂ ಹಾಯಿಸದೆ ನೇರವಾಗಿ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ಬಂದಳು.

“ನನ್ನ ಪಾಸ್‌ಪೋರ್ಟ್ ಕಳ್ತನ ಆಗಿದೆ.”

ಇನ್‌ಸ್ಪೆಕ್ಟರ್ ಪೆನ್ನು ಕೈಗೆತ್ತಿಕೊಂಡ. ಈ ಠಾಣೆಗೆ ಬಂದು ಅವನಿಗೆ ಎರಡು ವರ್ಷವಾಗುತ್ತ ಬಂದಿತ್ತು. ರಜೆಗೆ ಬಂದವರು ಸಾಮಾನ್ಯವಾಗಿ ಕಳೆದುಕೊಳ್ಳುತ್ತಿದ್ದುದು ಚಪ್ಪಲಿ, ಟವೆಲು, ಕಪ್ಪು ಕನ್ನಡಕ. ಕಳ್ಳ ಬಹುಪಾಲು ಸಮುದ್ರವೇ ಆಗಿರುತ್ತಿತ್ತು, ಅದನ್ನು ಬಂಧಿಸುವ ಅಧಿಕಾರ ಅವನಿಗಿರಲಿಲ್ಲ. ಪಾಸ್‌ಪೋರ್ಟಿನ ಮಾತು ಬೇರೆ.

“ಕೊನೇ ಸಲ ನೋಡಿದ್ದು?”

“ಭಾನುವಾರ ಸಂಜೆ. ಲಾಡ್ಜ್ ರೂಮಿನ ಕಪಾಟಿನಲ್ಲಿ, ಕಂದು ಚೀಲದಲ್ಲಿ. ಇಬ್ಬರದೂ ಒಟ್ಟಿಗೆ ಇತ್ತು.”

“ಅಕ್ಕನವರದ್ದು?”

“ಇದೆ. ನಿನ್ನೆ ಮಧ್ಯಾಹ್ನ ಕಪಾಟು ತೆಗೆದಾಗ ನನ್ನದು ಮಾತ್ರ ಇರಲಿಲ್ಲ.”

“ಬೇರೇನಾದ್ರೂ ಹೋಗಿದೆಯಾ?”

“ಇಲ್ಲ. ಪಕ್ಕದಲ್ಲೇ ಚಿನ್ನದ ಬಳೆ ಇಟ್ಟಿದ್ದೆ, ಅವು ಹಾಗೇ ಇವೆ.”

“ವಾಪಸ್ ಹೊರಡೋದು ಯಾವಾಗ?”

“ಶುಕ್ರವಾರ. ಅಕ್ಕ ಊರಿಗೆ ಹೋಗ್ತಾಳೆ. ನಾನಿರೋದು, ಕೆಲಸ ಮಾಡೋದು ಇನ್ನೊಂದು ದೇಶದಲ್ಲಿ, ಅಲ್ಲಿಗೆ ಹೋಗ್ಬೇಕು. ನಮ್ಮ ರಾಯಭಾರ ಕಚೇರಿಗೆ ಫೋನ್ ಮಾಡಿದೆ. ಎಫ್‌ಐಆರ್ ಪ್ರತಿ ತಂದ್ರೆ ಒಂದು ತಾತ್ಕಾಲಿಕ ಕಾಗದ ಕೊಡ್ತಾರಂತೆ. ಅದರಲ್ಲಿ ಸ್ವಂತ ದೇಶಕ್ಕೆ ಮಾತ್ರ ಹೋಗಬಹುದು. ಹೊಸ ಪಾಸ್‌ಪೋರ್ಟ್ ಬರೋವರೆಗೆ ಅಲ್ಲೇ ಕೂತಿರಬೇಕು, ಒಂದು ತಿಂಗಳೋ ಎರಡು ತಿಂಗಳೋ. ನನಗೆಲ್ಲಿದೆ ಸಾರ್ ಅಷ್ಟು ರಜೆ?”

“ಮೆಲ್ಲಗೆ ಮಾತಾಡು ಪುಟ್ಟಿ, ಎಲ್ಲರೂ ನೋಡ್ತಿದ್ದಾರೆ” ಎಂದಳು ಸರದಿಯಲ್ಲಿದ್ದ ಅಕ್ಕ. ಐವತ್ಮೂರು ವರ್ಷದ ಪುಟ್ಟಿ ತಿರುಗಿಯೂ ನೋಡಲಿಲ್ಲ.

ಹತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಆದರೆ ಲಾಡ್ಜಿನ ಮ್ಯಾನೇಜರ್ ಪಾಲಿಗೆ ಆರೋಪಿ ಅಪರಿಚಿತಳಾಗಿರಲಿಲ್ಲ. ಪೊಲೀಸ್ ಜೀಪು ಬರುವ ಮೊದಲೇ ಅವನು ತೀರ್ಪು ಬರೆದು ಮುಗಿಸಿದ್ದ. ಕೋಣೆಗಳನ್ನು ಗುಡಿಸಿ ಒರೆಸುವ ಹೆಂಗಸಿನ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿಸಿಕೊಂಡು ತನ್ನ ಡ್ರಾಯರಿನಲ್ಲಿ ಹಾಕಿಕೊಂಡಿದ್ದ. “ರೂಮಿಗೂ ಕಪಾಟಿಗೂ ಎರಡನೇ ಬೀಗದ ಕೈ ಇರೋದು ಇವಳ ಹತ್ರ ಮಾತ್ರ ಸಾರ್. ಇನ್ನು ಯೋಚನೆ ಮಾಡೋದೇನಿದೆ?” ಎಂದ.

ಗುಡಿಸುವ ಹೆಂಗಸು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಹದಿನಾಲ್ಕು ವರ್ಷದಿಂದ ಅಲ್ಲಿ ಕೆಲಸ. ಈ ಊರಿನಲ್ಲಿ ಇರುವುದೇ ಲಾಡ್ಜುಗಳು. ಒಂದು ಕಡೆ ಕಳ್ಳಿ ಎಂದು ಹೊರಗೆ ಹಾಕಿದರೆ ಇನ್ನೊಂದು ಕಡೆ ಪೊರಕೆ ಮುಟ್ಟಲೂ ಬಿಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಇನ್‌ಸ್ಪೆಕ್ಟರಿಗೂ ಗೊತ್ತಿತ್ತು.

ಹನ್ನೊಂದೂವರೆಗೆ ಪಂಚನಾಮೆ ಶುರುವಾಯಿತು. ಬರೆದುಕೊಂಡವಳು ಮಹಿಳಾ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಟೇಪಕ್ಕ ಎಂದು. ಸ್ಥಳಕ್ಕೆ ಹೋದರೆ ಅಳತೆ ಟೇಪು ಬಿಚ್ಚದೆ ಅವಳು ಒಂದು ಸಾಲೂ ಬರೆಯಳು. ಕಪಾಟಿಗೂ ಮಂಚಕ್ಕೂ ನಡುವಿನ ದೂರವನ್ನು ಅವಳು ಎರಡು ಸಲ ಅಳೆದಾಗ, ಪಂಚನಾಗಿ ಕರೆತಂದಿದ್ದ ಎಳನೀರಿನವನು “ನಿಮ್ಮ ಅಳತೆ ಮುಗಿಯೋದ್ರೊಳಗೆ ನನ್ನ ಎಳನೀರೆಲ್ಲ ತೆಂಗಿನಕಾಯಿ ಆಗ್ತವೆ ಅಕ್ಕಾ” ಎಂದ. ಟೇಪಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಪಾಟಿನ ಬೀಗ ಒಡೆದಿರಲಿಲ್ಲ. ಕಿಟಕಿಯ ಕೊಂಡಿ ಸರಿಯಾಗಿತ್ತು. ಕಂದು ಚೀಲದಲ್ಲಿ ಒಂದು ಪಾಸ್‌ಪೋರ್ಟ್, ಎರಡು ವಿಮಾನದ ಟಿಕೆಟ್ಟು, ಬಳೆಗಳು. ಮೇಜಿನ ಮೇಲೆ ಒಂದು ಅಂಟಿನ ಬಾಟಲಿ, ಒಂದು ಕತ್ತರಿ. ಟೇಪಕ್ಕ ಎಲ್ಲವನ್ನೂ ಬರೆದುಕೊಂಡಳು.

ಇನ್‌ಸ್ಪೆಕ್ಟರ್ ಇಬ್ಬರನ್ನೂ ಕೇಳಿದ. “ಸೋಮವಾರ ಬೆಳಿಗ್ಗೆ ಎಲ್ಲಿದ್ರಿ?”

“ಏಳರಿಂದ ಹತ್ತರವರೆಗೆ ಸಮುದ್ರದಲ್ಲಿ ಈಜ್ತಿದ್ದೆ” ಎಂದಳು ತಂಗಿ.

“ನಾನೂ ಹಾಗೇ ದಂಡೆ ಮೇಲೆ ನಡೆದಾಡ್ತಿದ್ದೆ” ಎಂದಳು ಅಕ್ಕ. ಸ್ವಲ್ಪ ತಡೆದು, ಯಾರೂ ಕೇಳದೆಯೇ ಮತ್ತೆ ಹೇಳಿದಳು. “ಗುಡಿಸೋಕೆ ಬರೋ ಆ ಹೆಂಗಸನ್ನ ಹಿಂಸೆ ಮಾಡ್ಬೇಡಿ. ಅವಳು ತೆಗೆದಿಲ್ಲ.”

“ನಿಮಗೆ ಹೇಗೆ ಗೊತ್ತು?”

“ಮುಖ ನೋಡಿದ್ರೆ ಗೊತ್ತಾಗುತ್ತೆ.”

ಇನ್‌ಸ್ಪೆಕ್ಟರ್ ಹದಿನೇಳು ವರ್ಷದ ನೌಕರಿಯಲ್ಲಿ ಎಷ್ಟೋ ಕಳ್ಳತನದ ದೂರು ನೋಡಿದ್ದ. ವಸ್ತು ಕಳೆದುಕೊಂಡ ಮನೆಯವರು ಗೋಡೆಯ ಮೇಲಿನ ಹಲ್ಲಿಯನ್ನೂ ಅನುಮಾನಿಸುತ್ತಾರೆ. ಇವಳಿಗೆ ಯಾರ ಮೇಲೂ ಅನುಮಾನವಿಲ್ಲ. ಅದು ಅವನ ತಲೆಯಲ್ಲಿ ಕೊರೆಯತೊಡಗಿತು.

ಮಧ್ಯಾಹ್ನ ಎರಡೂ ಹತ್ತಕ್ಕೆ ಠಾಣೆಯಲ್ಲಿ ಗುಡಿಸುವ ಹೆಂಗಸಿನ ಹೇಳಿಕೆ ಪಡೆದರು. ಟೇಪಕ್ಕ ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ.

“ಸೋಮವಾರ ಆ ರೂಮಿಗೆ ಎಷ್ಟು ಹೊತ್ತಿಗೆ ಹೋದೆ?”

“ಹತ್ತೂವರೆಗೆ ಸಾರ್. ಇಬ್ಬರೂ ರೂಮಲ್ಲೇ ಇದ್ರು. ನಾನು ಕಪಾಟು ಮುಟ್ಟಿಲ್ಲ. ಮಕ್ಕಳಾಣೆ.”

“ಆಣೆ ಬೇಡ. ಏನೇನು ಮಾಡಿದೆ, ಅದನ್ನ ಹೇಳು.”

“ಏನ್ ಮಾಡ್ತೀನಿ ಸಾರ್, ಮರಳು ಗುಡಿಸಿದೆ. ಈ ಊರಲ್ಲಿ ನನ್ನ ಕೆಲಸ ಅಂದ್ರೆ ಮರಳು ಗುಡಿಸೋದೇ. ಅವತ್ತು ಅರ್ಧ ಕೆಲಸ ಇತ್ತು.”

“ಅರ್ಧ ಅಂದ್ರೆ?”

“ಬಾಗಿಲ ಹತ್ರ ಎರಡು ಕಾಲೊರಸು ಹಾಕಿರ್ತೀವಿ, ಒಬ್ಬೊಬ್ಬರಿಗೆ ಒಂದೊಂದು. ದಿನಾ ಎರಡನ್ನೂ ಕೊಡವಿದ್ರೆ ಮರಳು ಸುರಿಯುತ್ತೆ. ಸೋಮವಾರ ಒಬ್ಬರ ಕಾಲಿನ ಮರಳು ಮಾತ್ರ ಇತ್ತು. ದೊಡ್ಡಮ್ಮನವರ ಕಾಲೊರಸು ಕೊಡವಿದ್ರೆ ಬರೀ ಧೂಳು ಬಂತು. ಪಾಪ, ಮೈ ಸರಿಯಿಲ್ವೇನೋ, ಸಮುದ್ರದ ಕಡೆ ಹೋಗಿಲ್ಲ ಅಂದ್ಕೊಂಡೆ.”

ತಾನು ಏನು ಹೇಳಿದೆನೆಂಬುದು ಅವಳಿಗೆ ಗೊತ್ತಾಗಲಿಲ್ಲ. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ. ಆ ಲಾಡ್ಜಿನಿಂದ ಹೊರಡುವುದು ಎರಡೇ ದಾರಿ. ಒಂದು ಮರಳಿಗೆ, ಇನ್ನೊಂದು ಡಾಂಬರು ಹಾಕಿದ ಪೇಟೆ ಬೀದಿಗೆ.

ಹತ್ತನೇ ತಾರೀಕು ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಮತ್ತು ಟೇಪಕ್ಕ ಅಕ್ಕನ ಪಾಸ್‌ಪೋರ್ಟಿನ ಚಿತ್ರದ ಪ್ರತಿ ಹಿಡಿದು ಪೇಟೆ ಬೀದಿಯ ಒಂದು ತುದಿಯಿಂದ ನಡೆದರು. ಔಷಧಿ ಅಂಗಡಿಯವನಿಗೆ ನೆನಪಿಲ್ಲ. ಕೊಡೆ ರಿಪೇರಿಯವನಿಗೆ ಕೊಡೆ ನೆನಪಿತ್ತು, ಹಿಡಿದವಳು ನೆನಪಿರಲಿಲ್ಲ. ಕಾಗದ ಪುಸ್ತಕದ ಅಂಗಡಿಯವನು ಹೇಳಿದ. “ಸೋಮವಾರ ಬೆಳಿಗ್ಗೆ ಬಟ್ಟೆ ಅಸ್ತರಿನ ಲಕೋಟೆ, ಅಂಟು, ಕತ್ತರಿ ತಗೊಂಡ್ರು. ಲಕೋಟೆ ಬೆಳಕಿಗೆ ಹಿಡಿದು ನೋಡಿ, ಇದಕ್ಕಿಂತ ಗಟ್ಟಿ ಇಲ್ವಾ ಅಂತ ಕೇಳಿದ್ರು.”

ಅಲ್ಲಿಂದ ನಾಲ್ಕನೆಯ ಕಟ್ಟಡವೇ ಅಂಚೆ ಕಚೇರಿ.

ಕೌಂಟರಿನ ಗುಮಾಸ್ತ ಚಿತ್ರ ನೋಡಿದ ತಕ್ಷಣ ನಕ್ಕ. “ಇವರನ್ನ ಮರೆಯೋಕಾಗುತ್ತಾ ಸಾರ್? ರಿಜಿಸ್ಟರ್ಡ್ ಪೋಸ್ಟ್ ಮಾಡೋಕೆ ಬಂದಿದ್ರು. ಬೇರೆಯವರಾದ್ರೆ ಇಲ್ಲಿ ಏನು ಬರೀಬೇಕು ಅಲ್ಲಿ ಏನು ಬರೀಬೇಕು ಅಂತ ನನ್ನ ತಲೆ ತಿಂತಾರೆ. ಇವರು ಅರ್ಜಿ ತುಂಬಿ, ಲಕೋಟೆ ಅಂಟಿಸಿದ ಜಾಗಕ್ಕೆ ಅಡ್ಡ ಸಹಿ ಹಾಕಿ, ತೂಕ ನೋಡೋ ಮೊದಲೇ ಎಷ್ಟು ಗ್ರಾಂ ಬರುತ್ತೆ ಅಂತ ಹೇಳಿದ್ರು. ಸರಿಯಾಗಿ ಅಷ್ಟೇ ಬಂತು. ಕೊನೆಗೆ ನಾನು ಮುದ್ರೆ ಒತ್ತಿದ್ರೆ, ‘ತಾರೀಕು ಬದಲಾಯಿಸಿಲ್ಲ, ಇದು ಶನಿವಾರದ್ದು’ ಅಂದ್ರು. ಮೇಲಧಿಕಾರಿ ತಪಾಸಣೆಗೆ ಬಂದ್ರೇನೋ ಅಂತ ಎದೆ ಧಸಕ್ಕಂತು.”

“ಹೆಸರು ಬರೆದಿದ್ದಾರಾ?”

ಗುಮಾಸ್ತ ಅರ್ಜಿಯನ್ನು ತೆಗೆದು ತೋರಿಸಿದ. ಕಳುಹಿಸುವವರ ಜಾಗದಲ್ಲಿ ಅಕ್ಕನ ಹೆಸರು, ಲಾಡ್ಜಿನ ವಿಳಾಸ, ರೂಮಿನ ನಂಬರು. ಪಡೆಯುವವರ ಜಾಗದಲ್ಲೂ ಅಕ್ಕನ ಹೆಸರೇ, ಊರಿನ ಮನೆಯ ವಿಳಾಸ. ಒಳಗೇನಿದೆ ಎಂಬಲ್ಲಿ ದುಂಡನೆಯ ಅಕ್ಷರದಲ್ಲಿ ‘ದಾಖಲೆ’ ಎಂದು ಬರೆದಿತ್ತು.

ಟೇಪಕ್ಕ ಹೊರಗೆ ಬಂದಮೇಲೆ ಬಾಯಿ ಬಿಟ್ಟಳು. “ಕಳ್ತನ ಮಾಡಿದೋರು ರಿಜಿಸ್ಟರ್ ಮಾಡಿ ಕಳಿಸ್ತಾರಾ ಸಾರ್? ಸಮುದ್ರಕ್ಕೆ ಎಸೆದಿದ್ರೆ ಮುಗೀತಿತ್ತು. ನಮ್ಮಪ್ಪನಾಣೆ ನಮಗೆ ಸಿಕ್ತಿರಲಿಲ್ಲ.”

“ಇನ್ನೊಬ್ಬರ ಕಾಗದ ಎಸೆಯೋಕೆ ಅವರಿಗೆ ಕೈ ಬಂದಿಲ್ಲ” ಎಂದ ಇನ್‌ಸ್ಪೆಕ್ಟರ್.

ಅಂಚೆ ಚೀಲ ನಗರದ ವಿಂಗಡಣಾ ಕೇಂದ್ರದಲ್ಲಿತ್ತು. ಫೋನು ಹೋಯಿತು, ಬೆನ್ನಿಗೇ ಪತ್ರ ಹೋಯಿತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಲಕೋಟೆ ಠಾಣೆಗೆ ಬಂತು. ಪಂಚರ ಮುಂದೆ, ಅಕ್ಕತಂಗಿಯರ ಮುಂದೆ ಅದನ್ನು ಒಡೆದರು. ಒಳಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ ಸುತ್ತಿದ ಪಾಸ್‌ಪೋರ್ಟ್.

ತಂಗಿ ಮೊದಲು ಪಾಸ್‌ಪೋರ್ಟ್ ನೋಡಿದಳು, ಆಮೇಲೆ ಲಕೋಟೆಯ ಮೇಲಿನ ಅಕ್ಷರ ನೋಡಿದಳು. ಆ ಅಕ್ಷರವನ್ನು ಅವಳಿಗೆ ಯಾರೂ ಗುರುತಿಸಿ ಹೇಳಬೇಕಾಗಿರಲಿಲ್ಲ.

“ಅಕ್ಕಾ?”

ಅಕ್ಕ ಕೈಚೀಲದಿಂದ ನಾಲ್ಕು ಮಡಿಕೆ ಮಾಡಿದ ರಸೀದಿ ತೆಗೆದು ಮೇಜಿನ ಮೇಲಿಟ್ಟಳು. “ಇದೂ ಬೇಕಾಗುತ್ತೆ ನಿಮಗೆ” ಎಂದಳು.

“ನೀವು ಅಂಚೆ ಇಲಾಖೆಯಲ್ಲಿ ಇದ್ರಾ?” ಇನ್‌ಸ್ಪೆಕ್ಟರ್ ಕೇಳಿದ.

“ಮೂವತ್ತೊಂದು ವರ್ಷ, ಕೌಂಟರಲ್ಲಿ. ಎಷ್ಟು ಜನರ ಪಾಸ್‌ಪೋರ್ಟ್ ಈ ಕೈಯಿಂದ ಕೊಟ್ಟಿದ್ದೀನೋ ಲೆಕ್ಕ ಇಲ್ಲ. ಹೊರದೇಶದಲ್ಲಿ ಅದು ಕಳೆದುಹೋದ್ರೆ ಊರಿಗೇ ಬರಬೇಕು ಅಂತ ಅವರೇ ಕೌಂಟರಲ್ಲಿ ನಿಂತು ಹೇಳ್ತಿದ್ರು.”

“ಅಂದ್ರೆ ತಂಗಿ ಊರಿಗೆ ಬರಲಿ ಅಂತ?”

“ಹೌದು.”

“ಮೂರು ದಿನ ನನ್ನ ಜೊತೆ ಸೇರ್ಕೊಂಡು ಹುಡುಕಿದ್ಯಲ್ಲ!” ತಂಗಿಯ ಧ್ವನಿ ಒಡೆಯಿತು. “ಮಂಚದ ಕೆಳಗೆಲ್ಲ ಬಗ್ಗಿ ನೋಡಿದ್ಯಲ್ಲ! ಬಾ ಅಂತ ಒಂದು ಮಾತು ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?”

“ಕೇಳಿದ್ದೆ ಪುಟ್ಟಿ. ಹನ್ನೊಂದು ವರ್ಷ ಕೇಳಿದೆ. ನೀನು ಮುಂದಿನ ವರ್ಷ ಅಂತಿದ್ದೆ. ಈ ಸಲ ನೀನೇ ‘ಇಬ್ಬರಿಗೂ ಅರ್ಧ ದಾರಿ ಆಗುತ್ತೆ, ಸಮುದ್ರದ ಊರಲ್ಲಿ ಸಿಗೋಣ’ ಅಂದೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಬೆಳಿಗ್ಗೆ ಎದ್ರೆ ಪಕ್ಕದ ಮಂಚದಲ್ಲಿ ಒಬ್ಬರಿರೋರು. ಏನಾದ್ರೂ ಹೇಳಿದ್ರೆ ‘ಹೂಂ’ ಅನ್ನೋರು ಇದ್ರು. ಭಾನುವಾರ ಸಂಜೆ ನೀನು ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕೋಕೆ ಶುರು ಮಾಡಿದೆ. ಇನ್ನೂ ಐದು ದಿನ ಇತ್ತು ಪುಟ್ಟಿ.”

ತಂಗಿ ಲಕೋಟೆಯನ್ನು ಅಕ್ಷರ ಕಾಣದಂತೆ ಮಗುಚಿ ಇಟ್ಟಳು.

“ಮನೇಲಿ ನಿನ್ನ ರೂಮಿದೆ. ತಿಂಗಳಿಗೊಂದು ಸಲ ಆ ಹಾಸಿಗೆ ಹೊದಿಕೆ ಒಗೀತೀನಿ. ಯಾರೂ ಮಲಗಿರಲ್ಲ, ಆದ್ರೂ ಒಗೀತೀನಿ. ಒಂದು ತಿಂಗಳು ನೀನು ಅಲ್ಲಿ ಇರ್ತೀಯ, ಆಮೇಲೆ ಲಕೋಟೆ ಬಂದಿದೆ ನೋಡು ಅಂತ ಕೊಟ್ಟುಬಿಡೋಣ ಅಂದ್ಕೊಂಡೆ. ಬೈತಿದ್ದೆ ನೀನು. ಬೈಸ್ಕೊಳ್ಳೋಕೂ ಒಬ್ಬರು ಬೇಕಲ್ಲ.”

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡುತ್ತ ಕೂತ. ಅವನಿಗೂ ಒಬ್ಬ ಅಣ್ಣನಿದ್ದ. ಕೊನೆಯ ಸಲ ಮಾತಾಡಿದ್ದು ಯಾವಾಗ ಎಂದು ಲೆಕ್ಕ ಹಾಕಿ ನಾಚಿಕೆಯಾಯಿತು. ಆಮೇಲೆ, ಕೇಳಲೇಬೇಕಾದ ಪ್ರಶ್ನೆ ಕೇಳಿದ.

“ಗುಡಿಸೋ ಹೆಂಗಸಿನ ಗತಿ ಏನು ಅಂತ ಯೋಚನೆ ಮಾಡಿದ್ರಾ?”

ಅಕ್ಕ ಮೊದಲ ಸಲ ತಲೆ ತಗ್ಗಿಸಿದಳು. “ಮಾಡಿರಲಿಲ್ಲ. ಮಂಗಳವಾರ ಅವಳ ಬೀಗದ ಕೈ ಕಿತ್ಕೊಂಡಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ. ತಪ್ಪು ನನ್ನದೇ. ಅದಕ್ಕೆ ಏನು ಶಿಕ್ಷೆ ಇದ್ಯೋ ಕೊಡಿ.”

ಹನ್ನೆರಡಕ್ಕೆ ಮ್ಯಾನೇಜರನ್ನೂ ಗುಡಿಸುವ ಹೆಂಗಸನ್ನೂ ಠಾಣೆಗೆ ಕರೆಸಿದರು. ಇನ್‌ಸ್ಪೆಕ್ಟರ್ ಎಲ್ಲರ ಎದುರಿಗೇ ಬೀಗದ ಕೈ ಗೊಂಚಲನ್ನು ಅವಳ ಕೈಗೆ ಕೊಡಿಸಿದ. ಮ್ಯಾನೇಜರ್ ಏನೋ ಗೊಣಗಿದ. “ಜೋರಾಗಿ ಹೇಳಿ, ಅವರಿಗೆ ಕೇಳಿಸಲಿ” ಎಂದಳು ಟೇಪಕ್ಕ. ಮ್ಯಾನೇಜರ್ ಜೋರಾಗಿ ಕ್ಷಮೆ ಕೇಳಿದ. ಅಕ್ಕ ಎದ್ದುನಿಂತು ಕೈ ಮುಗಿದಳು. ಗುಡಿಸುವ ಹೆಂಗಸು ಅವಳನ್ನು ನೋಡಿದಳು, ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು.

ಪಾಸ್‌ಪೋರ್ಟ್ ಜಪ್ತಿ ಮಾಲಾಯಿತು. ಸೋಮವಾರ ನ್ಯಾಯಾಲಯ ಅಪ್ಪಣೆ ಕೊಡುವವರೆಗೆ ವಾಪಸು ಕೊಡುವಂತಿಲ್ಲ ಎಂದು ಇನ್‌ಸ್ಪೆಕ್ಟರ್ ವಿವರಿಸಿದ. ತಂಗಿ ಸರಿ ಎಂದು ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತಳು. ಶುಕ್ರವಾರದ ವಿಮಾನದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹನ್ನೆರಡು ಇಪ್ಪತ್ತೈದಕ್ಕೆ ಬಂಧನದ ಪತ್ರ ಬರೆಯಲು ಟೇಪಕ್ಕ ಕೂತಳು. ಹೆಸರು, ವಯಸ್ಸು, ಊರು, ಮೈಮೇಲಿನ ಗುರುತು. ಅಕ್ಕ ಎಲ್ಲವನ್ನೂ ಕೌಂಟರಿನ ಆಚೆಗಿನವರಂತೆ ನಿಧಾನವಾಗಿ, ಬರೆದುಕೊಳ್ಳಲು ಅನುಕೂಲವಾಗುವ ಹಾಗೆ ಹೇಳಿದಳು.

“ಬಂಧನದ ವಿಷಯ ಸಂಬಂಧಿಕರೊಬ್ಬರಿಗೆ ತಿಳಿಸಬೇಕು. ಯಾರ ಹೆಸರು ಬರೀಲಿ?”

“ನನ್ನ ತಂಗಿ ಹೆಸರು ಬರ್ಕೊಳ್ಳಿ.”

ಟೇಪಕ್ಕ ಪೆನ್ನು ನಿಲ್ಲಿಸಿದಳು. “ಅಮ್ಮಾ, ದೂರು ಕೊಟ್ಟಿರೋದೇ ಅವರು. ಬೇರೆ ಯಾರದಾದ್ರೂ ಹೇಳಿ. ಊರಲ್ಲಿರೋ ಯಾರಾದ್ರೂ ಆಗುತ್ತೆ. ನೆಂಟರು, ಪಕ್ಕದ ಮನೆಯವರು.”

ಅಕ್ಕ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

“ಅವಳದ್ದೇ ಬರೀರಿ” ಎಂದಳು. “ಬೇರೆ ಹೆಸರಿಲ್ಲ.”

ಟೇಪಕ್ಕ ಬರೆದು, ಕಾಗದ ಹಿಡಿದು ವರಾಂಡಕ್ಕೆ ಹೋದಳು. ತಂಗಿ ಪೂರ್ತಿ ಓದಿದಳು. ಸಂಬಂಧಿಕರ ಹೆಸರಿನ ಕೆಳಗೆ ಸಹಿ ಹಾಕಿ, ಪೆನ್ನು ವಾಪಸು ಕೊಟ್ಟು, ಎದ್ದು ಒಳಗೆ ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು.